ಸ್ಕಾಲರ್ ಆಗೋಕೆ ಏಳು ಲಕ್ಷ

ಎಫ್‌ಡಿ ಮುರಿಸ್ತಿದ್ದೀನಿ ಅಂತ ಅಕ್ಕ ಫೋನ್ ಮಾಡಿದಾಗ ಮೊದಲು ಗಾಬರಿಯಾಯ್ತು. ನಮ್ಮ ಮನೆಗಳಲ್ಲಿ ಎಫ್‌ಡಿ ಮುರಿಸೋದು ಅಂದ್ರೆ ಯಾರೋ ಆಸ್ಪತ್ರೆಯಲ್ಲಿದ್ದಾರೆ ಅಂತಲೇ ಅರ್ಥ. ಆದರೆ ಯಾರಿಗೂ ಏನೂ ಆಗಿರಲಿಲ್ಲ. ಹನ್ನೊಂದನೇ ಕ್ಲಾಸಿನಲ್ಲಿರೋ ಅವಳ ಮಗಳು ಅಮೆರಿಕದ ಒಂದು ದೊಡ್ಡ ಯೂನಿವರ್ಸಿಟಿಯ 'ಸ್ಕಾಲರ್ಸ್ ಪ್ರೋಗ್ರಾಂ'ಗೆ ಸೆಲೆಕ್ಟ್ ಆಗಿದ್ದಳು. ಬೇಸಿಗೆಯಲ್ಲಿ ಎರಡು ವಾರ. ಫೀಸು ಆರು ಸಾವಿರ ಡಾಲರ್. ವಿಮಾನದ ಟಿಕೆಟ್ಟು, ವೀಸಾ, ಇನ್ಶೂರೆನ್ಸು ಎಲ್ಲಾ ಸೇರಿ ಹತ್ತಿರತ್ತಿರ ಏಳು ಲಕ್ಷ ರೂಪಾಯಿ.

"ಹೇಗೆ ಸೆಲೆಕ್ಟ್ ಆದ್ಲು ಅಕ್ಕಾ? ಟೆಸ್ಟ್ ಇತ್ತಾ?"

"ಟೆಸ್ಟ್ ಏನಿಲ್ಲ. ಮಾರ್ಕ್ಸ್ ಕಾರ್ಡ್ ಕಳಿಸಿದ್ವಿ, ಒಂದು ಪುಟ ಪ್ರಬಂಧ ಬರೆದ್ಲು, ಕೌನ್ಸೆಲರ್ ತಿದ್ದಿಕೊಟ್ರು. ನಾಲ್ಕೇ ದಿನಕ್ಕೆ ಕಂಗ್ರಾಜುಲೇಷನ್ಸ್ ಅಂತ ಮೇಲ್ ಬಂತು ಕಣೋ."

ಅವಳ ಕ್ಲಾಸಿನಿಂದ ಐದು ಜನ ಅರ್ಜಿ ಹಾಕಿದ್ರಂತೆ. ಐದೂ ಜನ ಸೆಲೆಕ್ಟ್. ಇದನ್ನ ಅಕ್ಕ ಹೆಮ್ಮೆಯಿಂದ ಹೇಳಿದಳು. ನನಗೆ ಅನುಮಾನ ಶುರುವಾಗಿದ್ದೇ ಅಲ್ಲಿಂದ.

ಈ ಕಾಲಂ ಓದೋರಲ್ಲಿ ಅರ್ಧ ಜನಕ್ಕೆ ಇನ್ನೂ ಮಕ್ಕಳಿಲ್ಲ, ಉಳಿದವರ ಮಕ್ಕಳು ಇನ್ನೂ ಪ್ಲೇ ಹೋಮ್‌ನಲ್ಲಿದ್ದಾರೆ, ಗೊತ್ತು. ಆದ್ರೂ ಕೇಳಿ. ಇನ್ನು ಹತ್ತು ವರ್ಷಕ್ಕೆ ಈ ಮೇಲ್ ನಿಮಗೂ ಬರುತ್ತೆ. ಅಲ್ಲೀತನಕ ನಿಮ್ಮ ಅಕ್ಕ, ಅಣ್ಣ, ಟೀಂ ಲೀಡ್ ಯಾರಾದ್ರೂ 'ನೀನು ಓದಿಕೊಂಡಿದೀಯಲ್ಲ, ಇದು ವರ್ತಾ?' ಅಂತ ಕೇಳೇ ಕೇಳ್ತಾರೆ. ನನ್ನ ಉತ್ತರ ಇಷ್ಟೇ. ಕೊಳ್ಳೋ ಥರದ್ದಾದ್ರೆ ಒಂದು ರೂಪಾಯೀನೂ ಕೊಡಬೇಡಿ. ಕೊಂಡುಕೊಳ್ಳೋಕೆ ಆಗದ ಥರದ್ದಾದ್ರೆ ಮಗೂನ ಹೆಗಲ ಮೇಲೆ ಹೊತ್ತುಕೊಂಡಾದ್ರೂ ಹೋಗಿ ಬಿಟ್ಟು ಬನ್ನಿ.

ಮೊದಲು ಕೊಳ್ಳೋ ಥರದ್ದು. ಅಮೆರಿಕದ ಕ್ಯಾಂಪಸ್‌ಗಳು ಬೇಸಿಗೆಯಲ್ಲಿ ಖಾಲಿ ಇರ್ತವೆ. ಹಾಸ್ಟೆಲ್ ಖಾಲಿ, ಮೆಸ್ ಖಾಲಿ, ಕ್ಲಾಸ್‌ರೂಂ ಖಾಲಿ. ಖಾಲಿ ಜಾಗಾನ ಬಾಡಿಗೆಗೆ ಕೊಡೋದ್ರಲ್ಲಿ ತಪ್ಪೇನಿಲ್ಲ, ನಮ್ಮೂರಿನ ಕಲ್ಯಾಣ ಮಂಟಪದೋರೂ ಅದನ್ನೇ ಮಾಡ್ತಾರೆ. ಕೆಲವು ಪ್ರೋಗ್ರಾಂಗಳನ್ನ ಯೂನಿವರ್ಸಿಟಿ ನಡೆಸೋದೂ ಇಲ್ಲ, ಬೇರೆ ಕಂಪನಿ ಕ್ಯಾಂಪಸ್ ಬಾಡಿಗೆಗೆ ತಗೊಂಡು ನಡೆಸುತ್ತೆ. ಯೂನಿವರ್ಸಿಟೀನೇ ನಡೆಸಿದ್ರೂ ಪಾಠ ಮಾಡೋರು ಅಲ್ಲಿನ ಪ್ರೊಫೆಸರುಗಳೇ ಆಗಿರಬೇಕು ಅಂತೇನಿಲ್ಲ. ಇದನ್ನೆಲ್ಲ ಯಾರೂ ಮುಚ್ಚಿಟ್ಟಿಲ್ಲ, ಸಣ್ಣ ಅಕ್ಷರದಲ್ಲಿ ಇರುತ್ತೆ ಅಷ್ಟೇ. ಇನ್ನೂ ಮಜಾ ಅಂದ್ರೆ, ಇಲ್ಲಿಗೆ ಬಂದ್ರೆ ಮುಂದೆ ನಮ್ಮಲ್ಲಿ ಸೀಟು ಸಿಗೋಕೆ ಅನುಕೂಲ ಆಗುತ್ತೆ ಅಂತ ತಿಳಿಯಬೇಡಿ ಅಂತ ಹಲವು ಯೂನಿವರ್ಸಿಟಿಗಳು ಪ್ರಶ್ನೋತ್ತರದ ಪುಟದಲ್ಲಿ ತಾವೇ ಬರೆದುಕೊಂಡಿವೆ. ಅಂಗಡಿಯವನೇ 'ಇದರಿಂದ ತಲೆನೋವು ಹೋಗಲ್ಲ' ಅಂತ ಲೇಬಲ್ ಅಂಟಿಸಿರೋ ಮಾತ್ರೆಯನ್ನ ನಾವು ತಲೆನೋವಿಗೇ ಅಂತ ಕೊಂಡು ಬರ್ತಿದ್ದೀವಿ.

ಏಳೆಂಟು ವಾರ ಇದ್ದು, ಕಾಲೇಜಿನೋರ ಜೊತೆ ಕೂತು, ನಿಜವಾದ ಕೋರ್ಸ್ ಮಾಡಿ ಕ್ರೆಡಿಟ್ ಪಡೆಯೋ ಪ್ರೋಗ್ರಾಂಗಳೂ ಇವೆ. ಅವು ದುಬಾರಿ, ಆದ್ರೆ ಮೋಸ ಅಲ್ಲ. ಕೆಲವರಿಗೆ ಫೀಸಿನಲ್ಲಿ ಸಹಾಯವೂ ಸಿಗುತ್ತೆ. ನಾನು ಬೈತಿರೋದು ಅವನ್ನಲ್ಲ. ಎರಡು ವಾರದ ಪ್ರವಾಸಕ್ಕೆ ಸ್ಕಾಲರ್ ಅಂತ ಹೆಸರಿಟ್ಟು, ಮಗೂನ 'ಆಯ್ಕೆ' ಮಾಡಿದ ಹಾಗೆ ನಟಿಸೋದನ್ನ. ಅದರ ಪಕ್ಕದಲ್ಲೇ ಇನ್ನೊಂದು ಅಂಗಡಿ ಬಾಗಿಲು ತೆಗೆದಿದೆ: ದುಡ್ಡು ಕೊಟ್ರೆ ಹೈಸ್ಕೂಲ್ ಹುಡುಗರ ಹೆಸರಲ್ಲಿ 'ರಿಸರ್ಚ್ ಪೇಪರ್' ಬರೆಸಿ, ಯಾವುದೋ ಜರ್ನಲ್‌ನಲ್ಲಿ ಹಾಕಿಸಿಕೊಡೋರು. ಅದರ ಬಗ್ಗೆ ಇನ್ನೊಂದು ಸಲ ಕಿರುಚ್ತೀನಿ.

ಈಗ ಕೊಂಡುಕೊಳ್ಳೋಕೆ ಆಗದ ಥರದ್ದು. ಅದೇ ಅಮೆರಿಕದಲ್ಲಿ 1984ರಿಂದ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್ ಅಂತ ಒಂದು ನಡೀತಿದೆ, ಈಗ ಎಂಐಟಿ ಕ್ಯಾಂಪಸ್‌ನಲ್ಲಿ. ಆರು ವಾರ. ಪಾಠ, ಊಟ, ವಸತಿ ಯಾವುದಕ್ಕೂ ಫೀಸಿಲ್ಲ. ಅರ್ಜಿ ರಾಶಿ ಬೀಳುತ್ತೆ, ತಗೊಳ್ಳೋದು ನೂರರ ಆಸುಪಾಸು ಮಕ್ಕಳನ್ನ. ಟೆಲ್ಯುರೈಡ್ ಅಸೋಸಿಯೇಷನ್‌ನವರು 1954ರಿಂದ ಹೈಸ್ಕೂಲ್ ಮಕ್ಕಳನ್ನ ಕರೆದು ಕೂರಿಸಿ ಪುಸ್ತಕ ಓದಿಸಿ, ವಾದ ಮಾಡಿಸ್ತಿದ್ದಾರೆ. ಅದಕ್ಕೂ ಫೀಸಿಲ್ಲ. ನಮ್ಮ ಇಸ್ರೋ 2019ರಲ್ಲಿ ಶುರು ಮಾಡಿದ ಯುವಿಕಾ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ. ರೈಲ್ವೆ ಟಿಕೆಟ್ಟಿನಿಂದ ಊಟದ ತನಕ ಖರ್ಚೆಲ್ಲ ಇಸ್ರೋದ್ದೇ, ಹಳ್ಳಿ ಶಾಲೆಯ ಮಕ್ಕಳಿಗೆ ಆಯ್ಕೆಯಲ್ಲಿ ಹೆಚ್ಚುವರಿ ಅಂಕ ಬೇರೆ. ಇವೆಲ್ಲ ನಿಮ್ಮ ಮಗೂಗೆ 'ಇಲ್ಲ' ಅನ್ನಬಲ್ಲವು. ಐದು ಜನ ಅರ್ಜಿ ಹಾಕಿದ್ರೆ ಐದೂ ಜನಕ್ಕೆ ಇಲ್ಲ ಅನ್ನಬಲ್ಲವು. ಆಯ್ಕೆ ಅನ್ನೋ ಪದಕ್ಕೆ ಅರ್ಥ ಬರೋದೇ ಆಗ.

ಇದನ್ನೆಲ್ಲ ಹೇಳಿದ್ದಕ್ಕೆ ಭಾವ ಒಂದೇ ಮಾತು ಕೇಳಿದ್ರು: "ಎಕ್ಸ್‌ಪೋಷರ್ ಬೇಡ್ವೇನಪ್ಪ? ನೀನು ತಿಪಟೂರಿನಲ್ಲಿ ಓದಿದೋನು, ನಿನಗೆ ಅದೆಲ್ಲ ಎಲ್ಲಿ ಸಿಗ್ತಿತ್ತು?"

ಸಿಕ್ಕಿತ್ತು ಭಾವ. ಅದನ್ನೇ ಹೇಳಬೇಕಿರೋದು.

2011. ಎಸ್ಸೆಸ್ಸೆಲ್ಸಿ ಮುಗಿಸಿ ಸೈನ್ಸ್ ತಗೊಂಡಿದ್ದೆ. ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇಕಡ ಒಂದರಲ್ಲಿ ಬಂದು, ಪಿಯುಸಿಯಲ್ಲಿ ವಿಜ್ಞಾನ ಓದೋ ಮಕ್ಕಳನ್ನ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಯೋಜನೆಯಲ್ಲಿ ಐದು ದಿನದ ಶಿಬಿರಕ್ಕೆ ಕರೀತಿದ್ರು. ಒಂದು ಯೂನಿವರ್ಸಿಟಿಯಲ್ಲಿ ನಮ್ಮ ಶಿಬಿರ. ದೊಡ್ಡದಾಗಿ ಹೊಗಳೋ ಹಾಗೇನಿರಲಿಲ್ಲ. ಮೊದಲ ದಿನ ಪೂರ್ತಿ ಉದ್ಘಾಟನೆ, ಹಾರ, ಭಾಷಣ. ಇಂಗ್ಲಿಷ್‌ನಲ್ಲಿ ನಡೆದ ಉಪನ್ಯಾಸಗಳಲ್ಲಿ ಅರ್ಧ ನನಗೆ ತಲೆಗೆ ಹತ್ತಲಿಲ್ಲ, ಇನ್ನರ್ಧ ನಿದ್ದೆ. ಮೂರನೇ ದಿನ ಲ್ಯಾಬು. ಲೋಲಕ ತೂಗಿಸಿ ಗುರುತ್ವದ 'ಜಿ' ಬೆಲೆ ಕಂಡುಹಿಡೀಬೇಕು. ಪಿಯುಸಿ ಲ್ಯಾಬಲ್ಲಿ ಮಾಡಿದೋರಿಗೆ ಗೊತ್ತು, ಅದರಲ್ಲಿ ಕಂಡುಹಿಡಿಯೋಕೆ ಏನೂ ಇರಲ್ಲ. ಉತ್ತರ 9.8. ಮೊದಲು ಅದನ್ನ ಬರ್ಕೊಂಡು, ಆಮೇಲೆ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ತುಂಬಿಸೋದು ನಮ್ಮ ಕಾಲೇಜಿನ ಸಂಪ್ರದಾಯ. ರೆಕಾರ್ಡ್ ಪುಸ್ತಕ ಚೊಕ್ಕ, ಸಹಿ ಚೊಕ್ಕ.

ಅವತ್ತು ನನಗೆ 10.8 ಬಂತು. ಮತ್ತೆ ಮಾಡಿದೆ, ಮತ್ತೆ ಅಷ್ಟೇ. ಅಭ್ಯಾಸಬಲದಿಂದ ರಬ್ಬರ್ ತಗೊಂಡೆ. ಆಗ ಪಕ್ಕಕ್ಕೆ ಬಂದ ಮೇಷ್ಟ್ರು, ಯೂನಿವರ್ಸಿಟಿಯ ಪ್ರೊಫೆಸರ್ ಅವರು, "ಅಳಿಸಬೇಡಪ್ಪ. ಎರಡು ಸಲಾನೂ ಒಂದೇ ತಪ್ಪು ಬಂದಿದೆ ಅಂದ್ರೆ ಅದಕ್ಕೊಂದು ಕಾರಣ ಇದೆ, ಹುಡುಕು" ಅಂದ್ರು. ಕಾರಣ ಹೇಳಲಿಲ್ಲ. ಒಂದು ಸ್ಟೂಲ್ ಎಳ್ಕೊಂಡು ಕೂತ್ರು. ದಾರದ ಉದ್ದ ಮತ್ತೆ ಅಳೆದೆ. ಗುಂಡಿನ ನಡುವಿನ ತನಕ ಅಳೆದೆ. ಸ್ಟಾಪ್‌ವಾಚ್ ಬದಲಾಯಿಸಿದೆ. ಊಟದ ಗಂಟೆ ಹೊಡೀತು, ಅವರೂ ಏಳಲಿಲ್ಲ. ಕೊನೆಗೆ "ಜೋರಾಗಿ ಎಣಿಸು ನೋಡೋಣ" ಅಂದ್ರು. ಗುಂಡು ಬಿಟ್ಟ ತಕ್ಷಣ ವಾಚ್ ಒತ್ತಿ "ಒಂದು" ಅಂದೆ. ಅಂದ ಮೇಲೆ ನನಗೇ ಗೊತ್ತಾಗಿಹೋಯ್ತು. ಶುರು ಮಾಡಬೇಕಿದ್ದು ಸೊನ್ನೆಯಿಂದ. ನಾನು ಇಪ್ಪತ್ತು ಅಂತ ಎಣಿಸ್ತಿದ್ದದ್ದು ನಿಜಕ್ಕೂ ಹತ್ತೊಂಬತ್ತೇ ಸಲ ತೂಗಿತ್ತು. ಕಾಲ ಶೇಕಡ ಐದು ಕಮ್ಮಿ ಸಿಗ್ತಿತ್ತು, ಅದರ ವರ್ಗ ತಗೊಂಡು ಭಾಗಿಸಿದಾಗ 'ಜಿ' ಶೇಕಡ ಹತ್ತಕ್ಕೂ ಹೆಚ್ಚು ಮೇಲೇರ್ತಿತ್ತು.

ಇವತ್ತು ಆಫೀಸಿನಲ್ಲಿ ಕೋಡ್ ಕೈಕೊಟ್ಟಾಗ ಮೊದಲು ನಾನು ನೋಡೋದು ಎಣಿಕೆ ಎಲ್ಲಿಂದ ಶುರುವಾಗಿದೆ ಅಂತ. ಆದ್ರೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ. ತಪ್ಪು ಉತ್ತರ ಬಂದಾಗ ನಾಚಿಕೆ ಪಡಬೇಕಿಲ್ಲ ಅಂತ, ವಿಷಯ ಗೊತ್ತಿರೋ ಒಬ್ಬರು ಅರ್ಧ ದಿನ ನನ್ನ ಪಕ್ಕ ಕೂತು ತೋರಿಸಿಕೊಟ್ರು. ಕ್ಯಾಂಪಸ್ ಸುತ್ತಿದ್ದು ನೆನಪಿಲ್ಲ, ಹಾರ ತುರಾಯಿ ನೆನಪಿಲ್ಲ, ಸರ್ಟಿಫಿಕೇಟ್ ಎಲ್ಲಿದೆಯೋ ಗೊತ್ತಿಲ್ಲ. ಯೂನಿವರ್ಸಿಟಿಯೊಂದು ಹೈಸ್ಕೂಲ್ ಮಗೂಗೆ ಕೊಡೋಕೆ ಆಗೋದು ಈ ಅರ್ಧ ದಿನ ಮಾತ್ರ. ಬ್ರೋಷರ್‌ನಲ್ಲಿ ಇದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತೆ, ಕೆಂಪು ಇಟ್ಟಿಗೆಯ ಕಟ್ಟಡ, ಹುಲ್ಲುಹಾಸು, ಲ್ಯಾಪ್‌ಟಾಪ್ ಹಿಡ್ಕೊಂಡು ನಗೋ ಮಕ್ಕಳು.

ದುಡ್ಡಿರೋರು ಖರ್ಚು ಮಾಡ್ಲಿ ಬಿಡು, ನಿನಗೇನು ನಷ್ಟ ಅಂತ ಕೇಳ್ತೀರಿ. ನಷ್ಟ ಇದೆ.

1999ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಕಿಶೋರ್ ವೈಜ್ಞಾನಿಕ್ ಪ್ರೋತ್ಸಾಹನ್ ಯೋಜನೆ, ನಮ್ಮ ಬಾಯಲ್ಲಿ ಕೆವಿಪಿವೈ, ಶುರು ಮಾಡ್ತು. ನಡೆಸ್ತಿದ್ದದ್ದು ಇಲ್ಲೇ ನಮ್ಮ ಮಲ್ಲೇಶ್ವರದ ಪಕ್ಕದ ಐಐಎಸ್‌ಸಿ. ಹನ್ನೊಂದನೇ ಕ್ಲಾಸಿನಿಂದ ಡಿಗ್ರಿ ಮೊದಲ ವರ್ಷದ ತನಕ ವಿಜ್ಞಾನ ಓದೋ ಮಕ್ಕಳು ಬರೀಬಹುದಿತ್ತು. ಬಾಯಿಪಾಠಕ್ಕೆ ಬಗ್ಗದ ಪ್ರಶ್ನೆಗಳು. ಪಾಸಾಗಿ, ಮೂಲವಿಜ್ಞಾನದಲ್ಲೇ ಡಿಗ್ರಿ ಓದಿದ್ರೆ ಮೊದಲ ಮೂರು ವರ್ಷ ತಿಂಗಳಿಗೆ ಐದು ಸಾವಿರ, ಆಮೇಲೆ ಏಳು ಸಾವಿರ ರೂಪಾಯಿ ಫೆಲೋಶಿಪ್. ಬೇಸಿಗೆಯಲ್ಲಿ ವಿಜ್ಞಾನಿಗಳ ಜೊತೆ ಶಿಬಿರ. ಐಐಎಸ್‌ಸಿಯ ಬಿಎಸ್ ಕೋರ್ಸಿಗೆ ಅದೂ ಒಂದು ಬಾಗಿಲಾಗಿತ್ತು. ಅದರಲ್ಲಿ ಹುಳುಕು ಇರಲಿಲ್ಲ ಅಂತಲ್ಲ. ಕೋಚಿಂಗ್‌ನವರು ಅದನ್ನೂ ಬಿಡಲಿಲ್ಲ, ಪಾಸಾದ ಎಷ್ಟೋ ಜನ ಫೆಲೋಶಿಪ್ ಬಿಟ್ಟು ಎಂಜಿನಿಯರಿಂಗ್‌ಗೆ ಓಡಿದ್ರು. ಆದ್ರೂ ಅಪ್ಪನ ಎಫ್‌ಡಿ ಎಷ್ಟಿದೆ ಅಂತ ಯಾರೂ ಕೇಳ್ತಿರಲಿಲ್ಲ.

2022ರಲ್ಲಿ ಅದನ್ನ ಇನ್‌ಸ್ಪೈರ್ ಜೊತೆ ಸೇರಿಸಿ ಪರೀಕ್ಷೇನೇ ನಿಲ್ಲಿಸಿದ್ರು. ಇನ್‌ಸ್ಪೈರ್ ಸ್ಕಾಲರ್‌ಶಿಪ್ ಮುಖ್ಯವಾಗಿ ನೋಡೋದು ಹನ್ನೆರಡನೇ ಕ್ಲಾಸಿನ ಬೋರ್ಡ್ ಮಾರ್ಕ್ಸನ್ನ, ಇಲ್ಲಾ ಜೆಇಇ, ನೀಟ್ ರ‍್ಯಾಂಕನ್ನ. ಅಂದ್ರೆ ರಬ್ಬರ್ ಹಿಡಿದು 9.8 ಬರೆಯೋಕೆ ಚೆನ್ನಾಗಿ ಕಲಿತೋರನ್ನ. ಅದಕ್ಕೆ ಮುಂಚೆಯೇ, 1960ರ ದಶಕದಿಂದ ನಡೆದು ಬಂದಿದ್ದ ಎನ್‌ಟಿಎಸ್‌ಇ 2021ರ ನಂತರ ನಿಂತುಹೋಗಿತ್ತು. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಕಾವೇರಿ ನೀರು ಎರಡು ಗಂಟೆ ತಡವಾದ್ರೆ ನೂರು ಮೆಸೇಜ್ ಬೀಳುತ್ತೆ. ಕೆವಿಪಿವೈ ನಿಂತಾಗ ಒಂದೇ ಒಂದು ಬೀಳಲಿಲ್ಲ. ನಾನೂ ಹಾಕಲಿಲ್ಲ, ಈ ಬ್ಲಾಗಿನಲ್ಲೂ ಬರೀಲಿಲ್ಲ. ಆ ವಾರ ಯಾವುದೋ ಸಿನಿಮಾ ಬಗ್ಗೆ ಬರೆದಿದ್ದೆ. ಏಳು ಲಕ್ಷ ಕೊಡಬಲ್ಲ ನಮ್ಮಂಥವರಿಗೆ ಪುಕ್ಕಟೆ ಬಾಗಿಲು ಮುಚ್ಚಿದ ಸದ್ದು ಕೇಳಿಸೋದೇ ಇಲ್ಲ. ಕೇಳಿಸಿದ್ದು ತಿಪಟೂರು, ಸಿಂಧನೂರು, ಹೊಸದುರ್ಗದ ಹುಡುಗರಿಗೆ. ಅವರು ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿಲ್ಲ.

ಹೀಗಿರಬೇಕಿಲ್ಲ ಅನ್ನೋದಕ್ಕೆ ಸಾಕ್ಷಿ ನಮ್ಮೂರಲ್ಲೇ ಇದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಓದೋಕೆ ಅಂತ ನಡ್ಕೊಂಡೇ ಬೆಂಗಳೂರಿಗೆ ಬಂದ ಎಚ್. ನರಸಿಂಹಯ್ಯನವರು ಅಮೆರಿಕದ ಓಹಾಯೋದಲ್ಲಿ ಪಿಎಚ್‌ಡಿ ಮುಗಿಸಿ ವಾಪಸ್ ಬಂದು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ್ರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬುಧವಾರ ಸಂಜೆ ಉಪನ್ಯಾಸ. ಯಾರು ಬೇಕಾದ್ರೂ ಹೋಗಿ ಕೂರಬಹುದು, ಎದ್ದು ನಿಂತು ಪ್ರಶ್ನೆ ಕೇಳಬಹುದು. ಅರ್ಜಿ ಇಲ್ಲ, ಫೀಸಿಲ್ಲ, ಸ್ಕಾಲರ್ ಅನ್ನೋ ಬಿರುದಂತೂ ಇಲ್ಲವೇ ಇಲ್ಲ. ನಮ್ಮ ಅಪಾರ್ಟ್‌ಮೆಂಟಿನಿಂದ ಮೆಟ್ರೋದಲ್ಲಿ ಅರ್ಧ ಗಂಟೆ. ನಮ್ಮ ಬಿಲ್ಡಿಂಗಿನಿಂದ ಯಾರಾದ್ರೂ ಹೋಗ್ತಾರಾ ಅಂತ ವಿಚಾರಿಸಿದೆ. "ಅಲ್ಲಿ ಸರ್ಟಿಫಿಕೇಟ್ ಕೊಡ್ತಾರಾ?" ಅಂತ ಒಬ್ರು ಕೇಳಿದ್ರು.

ಅಕ್ಕನಿಗೂ ಇದನ್ನೇ ತಿರುಗಿಸಿ ಕೇಳಿದೆ. ಸರ್ಟಿಫಿಕೇಟ್ ಕೊಡಲ್ಲ, ಯಾರಿಗೂ ಹೇಳೋ ಹಾಗಿಲ್ಲ, ಅರ್ಜಿಯಲ್ಲಿ ಬರ್ಕೊಳ್ಳೋ ಹಾಗಿಲ್ಲ ಅಂದ್ರೂ ಏಳು ಲಕ್ಷ ಕೊಟ್ಟು ಕಳಿಸ್ತೀಯಾ? ಸ್ವಲ್ಪ ಹೊತ್ತು ಸುಮ್ನಿದ್ದಳು. "ನಿನಗೇನೋ, ಹೇಳ್ತೀಯ. ಮಿಕ್ಕಿದ ನಾಲ್ಕು ಮಕ್ಕಳೂ ಹೋಗ್ತಿದ್ದಾರೆ. ನಾಳೆ ಇವಳು ನನ್ನನ್ನ ಕೇಳಿದ್ರೆ ಏನು ಹೇಳ್ಲಿ?" ಅಂದಳು. ಇದಕ್ಕೆ ನನ್ನ ಹತ್ತಿರ ಜೋರು ಉತ್ತರ ಇರಲಿಲ್ಲ. ಆ ಬ್ರೋಷರ್ ಮಾರ್ತಿರೋದೇ ಈ ಭಯಾನ.

ಮುಂಗಡ ಕಟ್ಟೋಕೆ ಹದಿನೈದನೇ ತಾರೀಕು ಕಡೇ ದಿನ. ಎಫ್‌ಡಿ ಇನ್ನೂ ಮುರಿದಿಲ್ಲ, ಮುರಿಯಲ್ಲ ಅಂತಲೂ ಅಕ್ಕ ಹೇಳಿಲ್ಲ. ಕಳೆದ ಭಾನುವಾರ ಹೋದಾಗ ನಾನು ಹುಡುಗಿಗೆ ಒಂದು ದಾರ, ಹಾರ್ಡ್‌ವೇರ್ ಅಂಗಡಿಯ ಒಂದು ದಪ್ಪ ನಟ್ಟು, ಒಂದು ಅಳತೆ ಟೇಪು ಕೊಟ್ಟು 'ಜಿ' ಎಷ್ಟು ಅಂತ ಕಂಡುಹಿಡಿ ಅಂದಿದ್ದೆ. ಮೊಬೈಲಲ್ಲಿ ಸ್ಟಾಪ್‌ವಾಚ್ ಇದ್ದೇ ಇದೆ. ನಿನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ಲು. "ಮಾಮ, ಮೂರು ಸಲ ಮಾಡಿದೆ, ಮೂರು ಸಲಾನೂ 10.8 ಬರ್ತಿದೆ. ದಾರಾನೇ ಸರಿ ಇಲ್ಲ ಅನ್ಸುತ್ತೆ."

ಅಳಿಸಬೇಡ ಅಂತಷ್ಟೇ ಹೇಳಿದ್ದೀನಿ. ಅವಳು ಕನ್ನಡ ಬ್ಲಾಗ್ ಓದಲ್ಲ, ಹಾಗಾಗಿ ಉತ್ತರ ಇಲ್ಲಿ ಬರೆದ್ರೂ ಭಯವಿಲ್ಲ. ನೀವ್ಯಾರೂ ಅವಳಿಗೆ ಹೇಳಬೇಡಿ.