ಕೇಸರಿ ಹಾಲು, ಕಬ್ಬಿಣದ ಮಾತ್ರೆ

ಅಡುಗೆಮನೆಯ ಡಬ್ಬಿಗಳಲ್ಲೆಲ್ಲ ಅತಿ ಚಿಕ್ಕದು ಯಾವುದು? ಬಹಳ ಮನೆಗಳಲ್ಲಿ ಅದು ಕೇಸರಿಯ ಡಬ್ಬಿ. ಒಳಗಿರುವುದು ಒಂದೇ ಗ್ರಾಂ, ಆದರೆ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ನಮ್ಮ ಜಾಲಹಳ್ಳಿಯ ಅಂಗಡಿಗಳಲ್ಲಿ ಒಳ್ಳೆಯ ಕಾಶ್ಮೀರಿ ಕೇಸರಿಗೆ ಗ್ರಾಂಗೆ 400–500 ರೂಪಾಯಿ ಹೇಳುತ್ತಾರೆ. ಔಷಧಿ ಅಂಗಡಿ ನಡೆಸುವ ನನ್ನ ಹತ್ತಿರವೂ ಅದನ್ನು ಕೇಳಿಕೊಂಡು ಬರುವವರು ಕಡಿಮೆಯಿಲ್ಲ. ಪೀಣ್ಯದಲ್ಲಿ ಪಾಳಿ ಮುಗಿಸಿ ಮನೆಗೆ ಹೋಗುವ ಗಂಡ, ಮಗಳ ಬಾಣಂತನಕ್ಕೆಂದು ಊರಿನಿಂದ ಬಂದ ತಾಯಿ, ಸೊಸೆಯ ಸೀಮಂತದ ಓಡಾಟದಲ್ಲಿರುವ ಅತ್ತೆ, ಹೀಗೆ ಯಾರೇ ಬಂದರೂ ಪ್ರಶ್ನೆಗಳು ಮೂರೇ. ‘ಇದು ಒರಿಜಿನಲ್ಲಾ?’ ‘ಎಷ್ಟು ದಳ ಹಾಕಬೇಕು?’ ‘ಮಗು ಬೆಳ್ಳಗೆ ಹುಟ್ಟುತ್ತಾ?’

ಈ ವಾರ ಮೂರಕ್ಕೂ ಉತ್ತರ ಹೇಳುತ್ತೇನೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅದನ್ನು ಕೊನೆಗೆ ಇಟ್ಟುಕೊಳ್ಳೋಣ.

ಮೊದಲು ಕೇಸರಿಯ ಪರಿಚಯ. ನಾವು ದಳ ಎಂದು ಕರೆಯುವುದು ನಿಜವಾಗಿ ಹೂವಿನ ದಳವಲ್ಲ. ಕೇಸರಿ ಗಿಡದ ಹೂವು ತಿಳಿನೇರಳೆ ಬಣ್ಣದ್ದು. ಅದರ ನಡುವೆ ಮೂರು ಕೆಂಪು ಎಳೆಗಳಿರುತ್ತವೆ. ವಿಜ್ಞಾನದ ಪಾಠದಲ್ಲಿ ಶಲಾಕಾಗ್ರ ಎಂದು ಓದುತ್ತೀರಲ್ಲ, ಅವೇ ಇವು. ಈ ಗಿಡ ಬೀಜ ಬಿಡುವುದಿಲ್ಲ, ಈರುಳ್ಳಿಯಂಥ ಗಡ್ಡೆಯಿಂದಲೇ ಬೆಳೆಸಬೇಕು. ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಕೆಲವೇ ವಾರ ಹೂ ಬಿಡುತ್ತದೆ. ಬೆಳಿಗ್ಗೆ ಎದ್ದು ಹೂವನ್ನು ಕೈಯಲ್ಲೇ ಕೊಯ್ದು, ಎಳೆಗಳನ್ನು ಬೇರೆ ಮಾಡಿ ಒಣಗಿಸುತ್ತಾರೆ. ಸುಮಾರು 150 ಹೂವು ಸೇರಿದರೆ ಒಂದು ಗ್ರಾಂ ಕೇಸರಿ. ಮಕ್ಕಳೇ, ಲೆಕ್ಕ ಹಾಕಿ: 150 ಹೂವು, ಹೂವಿಗೆ ಮೂರು ಎಳೆ, ಒಟ್ಟು 450 ಎಳೆ. ಅಂದರೆ ಒಂದು ಎಳೆಯ ತೂಕ ಹೆಚ್ಚೂಕಡಿಮೆ 2 ಮಿಲಿಗ್ರಾಂ. ಈ ಲೆಕ್ಕ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಜಗತ್ತಿನಲ್ಲಿ ಅತಿ ಹೆಚ್ಚು ಕೇಸರಿ ಬೆಳೆಯುವ ದೇಶ ಇರಾನ್. ನಮ್ಮ ದೇಶದಲ್ಲಿ ಕಾಶ್ಮೀರದ ಪಾಂಪೋರ್ ಇದಕ್ಕೆ ಹೆಸರುವಾಸಿ. 2020ರಲ್ಲಿ ಕಾಶ್ಮೀರದ ಕೇಸರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಪಾಂಪೋರಿನ ನೆರೆಯ ಊರಿನಲ್ಲಿ ಹುಟ್ಟಿದ ಬಿಲ್ಹಣ ಎಂಬ ಕವಿ ಒಂಬೈನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ ಬಂದು, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ. ಇಷ್ಟು ದೂರ ಬಂದರೂ ತನ್ನೂರಿನ ಕೇಸರಿಯನ್ನು ಹೊಗಳುವುದನ್ನು ಮರೆಯಲಿಲ್ಲ. ಸಂಸ್ಕೃತದಲ್ಲಿ ಕುಂಕುಮ ಎಂದರೆ ಕೇಸರಿಯೇ. ನಾವು ಹಣೆಗಿಡುವ ಕುಂಕುಮವನ್ನು ಅರಿಶಿನದಿಂದ ಮಾಡುತ್ತಾರೆ, ಹೆಸರು ಮಾತ್ರ ಕೇಸರಿಯಿಂದ ಬಂದದ್ದು.

ಹೆಸರಿದ್ದಲ್ಲೆಲ್ಲ ಕೇಸರಿ ಇರುವುದಿಲ್ಲ ಎನ್ನುವುದಕ್ಕೆ ಹೋಟೆಲಿನ ಕೇಸರಿಭಾತೇ ಸಾಕ್ಷಿ. ಆ ಬಣ್ಣ ಸಾಮಾನ್ಯವಾಗಿ ಪುಡಿಯಿಂದ ಬಂದದ್ದು. ಬಣ್ಣದ ಪುಡಿಯ ವಿಷಯದಲ್ಲಿ ಎಚ್ಚರ ಬೇಕು. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಬಾಂಬೆ ಮಿಠಾಯಿಗೆ ಮತ್ತು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ಮನೆಯಲ್ಲಿ ಕೇಸರಿಭಾತ್ ಮಾಡುವಾಗ ನಾಲ್ಕು ಎಳೆ ಕೇಸರಿ ಹಾಕಿ, ಇಲ್ಲದಿದ್ದರೆ ಚಿಟಿಕೆ ಅರಿಶಿನ ಹಾಕಿ. ಎರಡೂ ಇಲ್ಲದಿದ್ದರೆ ಬೆಳ್ಳಗಿನ ಸಜ್ಜಿಗೆಯೂ ರುಚಿಯಾಗಿಯೇ ಇರುತ್ತದೆ.

ಇನ್ನು ಮೊದಲ ಪ್ರಶ್ನೆ, ಒರಿಜಿನಲ್ಲಾ ಎಂಬುದು. ಇಷ್ಟು ದುಬಾರಿ ವಸ್ತುವಿಗೆ ಕಲಬೆರಕೆ ತಪ್ಪಿದ್ದಲ್ಲ. ಕುಸುಬೆ ಹೂವಿನ ಎಸಳು, ಬಣ್ಣ ಹಚ್ಚಿದ ಮೆಕ್ಕೆಜೋಳದ ಕೂದಲು ಎಲ್ಲವೂ ಕೇಸರಿಯ ಹೆಸರಿನಲ್ಲಿ ಮಾರಾಟವಾಗುತ್ತವೆ. ಪರೀಕ್ಷೆ ಸುಲಭ, ಮಕ್ಕಳೇ ಮಾಡಬಹುದು. ಗಾಜಿನ ಲೋಟದಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು ಎರಡು ಎಳೆ ಹಾಕಿ, ಹದಿನೈದು ನಿಮಿಷ ಕಾಯಿರಿ. ನಿಜವಾದ ಕೇಸರಿ ನಿಧಾನವಾಗಿ ಬಣ್ಣ ಬಿಡುತ್ತದೆ. ನೀರು ಹೊನ್ನಿನ ಹಳದಿಯಾಗುತ್ತದೆ, ಎಳೆ ಮಾತ್ರ ಕೆಂಪಾಗಿಯೇ ಉಳಿಯುತ್ತದೆ. ಹಾಕಿದ ಕೂಡಲೇ ನೀರು ಕೆಂಪಾಗಿ ಎಳೆ ಬಿಳಿಚಿಕೊಂಡರೆ ಅದು ಬಣ್ಣ ಹಚ್ಚಿದ ಮಾಲು. ಒಂದು ಎಳೆಯನ್ನು ನಾಲಿಗೆಯ ಮೇಲಿಟ್ಟೂ ನೋಡಬಹುದು. ಕೇಸರಿಗೆ ಪರಿಮಳವಿದೆ, ರುಚಿ ಕಹಿ. ಸಿಹಿ ಅನ್ನಿಸಿದರೆ ಅನುಮಾನಿಸಿ.

ಎರಡನೆಯ ಪ್ರಶ್ನೆ, ಎಷ್ಟು ಎಂಬುದು. ಕೇಸರಿಯ ಬಣ್ಣಕ್ಕೆ ಕಾರಣವಾದ ವಸ್ತುವಿನ ಹೆಸರು ಕ್ರೋಸಿನ್. (ಜ್ವರಕ್ಕೆ ನುಂಗುವ ಕ್ರೋಸಿನ್ ಮಾತ್ರೆಗೂ ಇದಕ್ಕೂ ಸಂಬಂಧವಿಲ್ಲ. ಅದು ಪ್ಯಾರಾಸಿಟಮಾಲ್.) ಪರಿಮಳಕ್ಕೆ ಕಾರಣ ಸಫ್ರನಾಲ್. ಆಯುರ್ವೇದದಲ್ಲಿ ಕೇಸರಿಗೆ ಹಿಂದಿನಿಂದಲೂ ಸ್ಥಾನವಿದೆ. ಮುಖಕ್ಕೆ ಹಚ್ಚುವ ಕುಂಕುಮಾದಿ ತೈಲಕ್ಕೆ ಆ ಹೆಸರು ಬಂದದ್ದೇ ಕೇಸರಿಯಿಂದ. ಇತ್ತೀಚಿನ ವರ್ಷಗಳಲ್ಲಿ ಇರಾನಿನ ವೈದ್ಯರು, ಮನಸ್ಸು ಕುಗ್ಗಿದ ರೋಗಿಗಳಿಗೆ ದಿನಕ್ಕೆ 30 ಮಿಲಿಗ್ರಾಂನಂತೆ ಕೆಲವು ವಾರ ಕೇಸರಿ ಕೊಟ್ಟು ನೋಡಿದ್ದಾರೆ. ಖಿನ್ನತೆ ತೀವ್ರವಾಗಿಲ್ಲದವರಲ್ಲಿ ಒಳ್ಳೆಯ ಪರಿಣಾಮ ಕಂಡಿದೆ. ಆದರೆ ಅವು ಕಡಿಮೆ ಜನರ ಮೇಲೆ, ಕಡಿಮೆ ಅವಧಿಗೆ ನಡೆದ ಪರೀಕ್ಷೆಗಳು. ಅದನ್ನು ನಂಬಿ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಯಾರೂ ನಿಲ್ಲಿಸಬಾರದು.

ಒಂದು ಲೋಟ ಹಾಲಿಗೆ ನಾಲ್ಕೈದು ಎಳೆ ಸಾಕು. ನಮ್ಮ ಲೆಕ್ಕದಂತೆ ಅದು ಸುಮಾರು 10 ಮಿಲಿಗ್ರಾಂ. ಅಷ್ಟರಿಂದ ಸಾಮಾನ್ಯವಾಗಿ ಯಾರಿಗೂ ತೊಂದರೆಯಿಲ್ಲ. ಒಂದೇ ದಿನ 5 ಗ್ರಾಂ ದಾಟಿದರೆ ಕೇಸರಿ ವಿಷ. ವಾಂತಿ, ತಲೆಸುತ್ತು, ರಕ್ತಸ್ರಾವ ಆಗಬಹುದು. ಗರ್ಭಿಣಿಯರಿಗೆ ಹೆಚ್ಚು ಕೊಟ್ಟರೆ ಗರ್ಭಕೋಶ ಕೆರಳುವ ಅಪಾಯವಿದೆ. ಆದ್ದರಿಂದ ‘ದುಬಾರಿ ವಸ್ತು, ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು’ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ರಕ್ತದೊತ್ತಡದ ಮಾತ್ರೆ, ಮನೋರೋಗದ ಮಾತ್ರೆ ತೆಗೆದುಕೊಳ್ಳುವವರು ಕೇಸರಿಯ ಕ್ಯಾಪ್ಸೂಲ್ ನುಂಗುವ ಮೊದಲು ವೈದ್ಯರನ್ನು ಕೇಳಲೇಬೇಕು.

ಈಗ ಮೂರನೆಯ ಪ್ರಶ್ನೆ.

ಕಳೆದ ತಿಂಗಳು ಒಂದು ಸಂಜೆ, ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಅಂಗಡಿಗೆ ಬಂದರು. ಸೊಸೆಗೆ ಆರನೇ ತಿಂಗಳು. ‘ಏನಮ್ಮಾ, ಒಂದು ಗ್ರಾಂ ಕೇಸರಿ ಕೊಡಿ, ಒಳ್ಳೇದೇ ಕೊಡಿ’ ಎಂದರು. ಡಬ್ಬಿ ತೆಗೆಯುತ್ತಾ, ‘ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆ ತಗೋತಿದ್ದಾರಾ ಅಜ್ಜಿ?’ ಎಂದು ಕೇಳಿದೆ.

‘ಅದನ್ನ ನಿಲ್ಲಿಸಿಬಿಟ್ವಿ ಕಣಮ್ಮ. ಅದು ತಿಂದ್ರೆ ಮಗು ಕಪ್ಪಗಾಗುತ್ತಂತೆ.’

ಅವರ ಚೀಲದಲ್ಲಿದ್ದ ತಾಯಿ ಕಾರ್ಡ್ ತೆಗೆಸಿ ನೋಡಿದೆ. ಹಿಮೋಗ್ಲೋಬಿನ್ 8.6 ಎಂದಿತ್ತು. ಗರ್ಭಿಣಿಗೆ ಅದು 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ನಾನು ಬಾಯಿ ತೆರೆಯುವ ಮೊದಲೇ ಆರೇಳು ವರ್ಷದ ಮೊಮ್ಮಗಳು ತನ್ನ ಕೈಯನ್ನೊಮ್ಮೆ ನೋಡಿಕೊಂಡು ಕೇಳಿದಳು: ‘ಅಜ್ಜಿ, ನಾನು ಹೊಟ್ಟೇಲಿದ್ದಾಗ ಅಮ್ಮ ಕೇಸರಿ ಹಾಲು ಕುಡೀಲೇ ಇಲ್ವಾ?’

ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳ ತಲೆ ಸವರಿ, ‘ಕುಡಿದಿದ್ಲು ಕಣೇ, ದಿನಾ ಕುಡಿದಿದ್ಲು’ ಎಂದರು.

ಇದಕ್ಕಿಂತ ಚೆನ್ನಾಗಿ ನಾನು ಏನು ಹೇಳಲಿ? ಮೈಬಣ್ಣ ಬರುವುದು ಚರ್ಮದೊಳಗಿನ ಮೆಲನಿನ್‌ನಿಂದ. ಅದು ಎಷ್ಟಿರಬೇಕೆಂಬುದನ್ನು ತಂದೆ ತಾಯಿಯಿಂದ ಬಂದ ವಂಶವಾಹಿಗಳು ನಿರ್ಧರಿಸುತ್ತವೆ. ತಾಯಿ ಕುಡಿದ ಕೇಸರಿ ಅದನ್ನು ಬೆಳ್ಳಗೂ ಮಾಡದು, ನುಂಗಿದ ಕಬ್ಬಿಣದ ಮಾತ್ರೆ ಕಪ್ಪಗೂ ಮಾಡದು. ಕಬ್ಬಿಣದ ಮಾತ್ರೆ ತಿಂದಾಗ ಮಲ ಕಪ್ಪಾಗುತ್ತದೆ. ಈ ಭಯ ಹುಟ್ಟಿದ್ದು ಅದರಿಂದಲೇ ಇರಬಹುದು. ಅದು ಸಹಜ, ಹೆದರಬೇಕಿಲ್ಲ.

ಹೆದರಬೇಕಾದದ್ದು ರಕ್ತಹೀನತೆಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ನೂರು ಗರ್ಭಿಣಿಯರಲ್ಲಿ ಸುಮಾರು 45 ಮಂದಿಗೆ ರಕ್ತಹೀನತೆಯಿದೆ. ಅಂಥವರಿಗೆ ಹೆರಿಗೆಯಲ್ಲಿ ರಕ್ತ ಹೋದರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಮಗು ತಿಂಗಳು ತುಂಬುವ ಮೊದಲೇ ಹುಟ್ಟಬಹುದು, ತೂಕ ಕಡಿಮೆಯಿರಬಹುದು. ಇದನ್ನು ತಡೆಯುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬಸುರಿಯಲ್ಲಿ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ನುಂಗಬೇಕು. ರಕ್ತ ತುಂಬ ಕಡಿಮೆಯಿದ್ದರೆ ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ.

ಆ ದಿನ ಅಜ್ಜಿ ಕೇಸರಿಯನ್ನೂ ಕೊಂಡರು, ಮಾತ್ರೆ ಯಾವ ಹೊತ್ತಿಗೆ ಕೊಡಬೇಕೆಂದು ನನ್ನಿಂದ ಬರೆಸಿಕೊಂಡೂ ಹೋದರು. ಬರೆದುಕೊಟ್ಟದ್ದನ್ನೇ ನಿಮಗೂ ಹೇಳುತ್ತೇನೆ.

ಕೇಸರಿ ಹಾಲಿನ ಜೊತೆ ಕಬ್ಬಿಣದ ಮಾತ್ರೆ ನುಂಗಬೇಡಿ. ಹಾಲಿನ ಸುಣ್ಣದಂಶ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕಾಫಿ, ಟೀ ಕೂಡ ಹಾಗೆಯೇ. ನಡುವೆ ಎರಡು ಗಂಟೆ ಬಿಡಿ. ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ಹೊಟ್ಟೆ ತೊಳಸಿದಂತಾದರೆ ಊಟವಾದ ಮೇಲೆ ತೆಗೆದುಕೊಳ್ಳಿ, ನಿಲ್ಲಿಸಬೇಡಿ. ಕೈಯಲ್ಲಿ ಹಣ ಕಡಿಮೆಯಿದ್ದರೆ ಕೇಸರಿಯನ್ನು ಬಿಟ್ಟುಬಿಡಿ. ಒಂದು ಗ್ರಾಂ ಕೇಸರಿಯ ಬೆಲೆಗೆ ನಾಲ್ಕೈದು ಡಜನ್ ಮೊಟ್ಟೆ ಬರುತ್ತದೆ. ಮೊಟ್ಟೆ ತಿನ್ನದವರಿಗೆ ಹುರುಳಿಕಾಳು, ನುಗ್ಗೆಸೊಪ್ಪು, ರಾಗಿ, ಕಡಲೆಬೀಜ ಇದ್ದೇ ಇದೆ. ಹಣವಿದ್ದರೆ, ಆಸೆಯಿದ್ದರೆ, ನಾಲ್ಕು ಎಳೆ ಹಾಕಿದ ಹಾಲನ್ನು ರುಚಿಗಾಗಿ, ಪರಿಮಳಕ್ಕಾಗಿ ಸಂತೋಷವಾಗಿ ಕುಡಿಯಲಿ.

ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಇವತ್ತೇ ತಾಯಿ ಕಾರ್ಡ್ ತೆಗೆದು ಹಿಮೋಗ್ಲೋಬಿನ್ ಎಷ್ಟಿದೆ ನೋಡಿ. ಮಕ್ಕಳೇ, ನಿಮಗೂ ಒಂದು ಕೆಲಸ: ಅಮ್ಮನಿಗೋ ಅತ್ತಿಗೆಗೋ ಚಿಕ್ಕಮ್ಮನಿಗೋ ದಿನಾ ಮಾತ್ರೆಯ ಹೊತ್ತಿಗೆ ಒಂದು ಲೋಟ ನೀರು ತಂದುಕೊಟ್ಟು, ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ.