ಚೀಟಿ ಬರೆದುಕೊಟ್ಟರೆ ಮುಗಿಯಿತೇ?

2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಆದ 464 ತಾಯಂದಿರ ಸಾವುಗಳನ್ನು ಸರ್ಕಾರ ಆಡಿಟ್ ಮಾಡಿಸಿತು. ಶೇ 70ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು ಎಂಬ ಮಾತು ದೊಡ್ಡ ಸುದ್ದಿಯಾಯಿತು. ಅದೇ ವರದಿಯ ಇನ್ನೊಂದು ಅಂಶ ಅಷ್ಟಾಗಿ ಚರ್ಚೆಗೆ ಬರಲಿಲ್ಲ: ಸುಮಾರು ಹತ್ತರಲ್ಲಿ ಒಬ್ಬ ತಾಯಿ ಸತ್ತದ್ದು ದಾರಿಯಲ್ಲಿ, ಆಸ್ಪತ್ರೆಯನ್ನು ಮುಟ್ಟುವ ಮೊದಲೇ.

ಚಿತ್ರದುರ್ಗ ಜಿಲ್ಲೆಯ ಪರಶುರಾಂಪುರ, ದೇವಸಮುದ್ರ ಹೋಬಳಿಗಳ ಜನರಿಗೆ ಈ ದಾರಿಯ ವಿಷಯ ಹೊಸದಾಗಿ ಹೇಳಬೇಕಿಲ್ಲ. ತಜ್ಞ ವೈದ್ಯರನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಒಟ್ಟುಗೂಡಿಸುವ ಸರ್ಕಾರದ ನಿರ್ಧಾರ ಸರಿಯಾದದ್ದೇ. ಪ್ರಸೂತಿ ತಜ್ಞೆ ಒಂದು ಊರಲ್ಲಿ, ಅರಿವಳಿಕೆ ವೈದ್ಯರು ಇನ್ನೊಂದು ಊರಲ್ಲಿ, ರಕ್ತ ಮತ್ತೊಂದೆಡೆ ಇದ್ದರೆ ಸಿಸೇರಿಯನ್ ಆಗುವುದಿಲ್ಲ. ಆದರೆ ತಜ್ಞರು ಚಳ್ಳಕೆರೆ, ಮೊಳಕಾಲ್ಮುರು ಪಟ್ಟಣಗಳಲ್ಲಿ ಸೇರಿಕೊಂಡಷ್ಟೂ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಪಾಳಿಯಲ್ಲಿರುವ ಸ್ಟಾಫ್ ನರ್ಸ್ ಇನ್ನಷ್ಟು ಒಂಟಿಯಾಗುತ್ತಾಳೆ. ಅವಳನ್ನೂ ಮೇಲಿನ ಆಸ್ಪತ್ರೆಯನ್ನೂ ಒಂದೇ ತಂಡವಾಗಿ ಕಾಣುವ ವ್ಯವಸ್ಥೆ ಎಲ್ಲಿದೆ?

ಯಾವ ಜಿಲ್ಲೆಯ ನರ್ಸನ್ನಾದರೂ ಕೇಳಿ ನೋಡಿ. ಗರ್ಭಿಣಿಯನ್ನು ಚೀಟಿ ಬರೆದು ಮೇಲಿನ ಆಸ್ಪತ್ರೆಗೆ ಬೇಗ ಕಳಿಸಿದರೆ ‘ಇದಕ್ಕೂ ಇಲ್ಲಿಗೇ ಕಳಿಸ್ತೀರಾ?’, ತಡವಾಗಿ ಕಳಿಸಿದರೆ ‘ಇಷ್ಟೊತ್ತು ಏನ್ ಮಾಡ್ತಿದ್ರಿ?’ ಎರಡೂ ಬೈಗುಳ ತಿಂದವಳು ಕೊನೆಗೆ ಎರಡರಲ್ಲೊಂದು ದಾರಿ ಹಿಡಿಯುತ್ತಾಳೆ. ಬಂದವರನ್ನೆಲ್ಲ 108ಕ್ಕೆ ಹತ್ತಿಸಿ ಕೈತೊಳೆದುಕೊಳ್ಳುತ್ತಾಳೆ, ಇಲ್ಲವೇ ಬೈಸಿಕೊಳ್ಳುವ ಭಯಕ್ಕೆ ಇನ್ನರ್ಧ ಗಂಟೆ ಕಾಯುತ್ತಾಳೆ. ಹೆರಿಗೆಯ ನಂತರದ ರಕ್ತಸ್ರಾವದಲ್ಲಿ ಆ ಅರ್ಧ ಗಂಟೆಯೇ ಜೀವ.

ಇಂಗ್ಲೆಂಡಿನಲ್ಲಿ 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, ಸೂಲಗಿತ್ತಿ ನರ್ಸ್‌ಗಳು ನಡೆಸುವ ಹೆರಿಗೆ ಕೇಂದ್ರಗಳಿಗೆ ಚೊಚ್ಚಲ ಹೆರಿಗೆಗೆ ಬಂದ ನೂರು ಮಂದಿಯಲ್ಲಿ 36ರಿಂದ 40 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಆದರೂ ಆ ಕೇಂದ್ರಗಳು ಕೂಸುಗಳಿಗೆ ಆಸ್ಪತ್ರೆಯಷ್ಟೇ ಸುರಕ್ಷಿತ ಎಂದು ಕಂಡುಬಂತು. ಅಂದರೆ ಕಳಿಸುವುದು ಸೋಲಲ್ಲ, ಅದೂ ಹೆರಿಗೆ ಮಾಡಿಸುವ ಕೆಲಸದ ಒಂದು ಭಾಗ. ನಮ್ಮಲ್ಲಿ ಮಾತ್ರ ಅದು ತಪ್ಪೊಪ್ಪಿಗೆಯ ಪತ್ರವಾಗಿಬಿಟ್ಟಿದೆ.

ಕೆಳಹಂತದವರ ಕೈಯಲ್ಲಿ ಏನಾಗುತ್ತದೆ ಎನ್ನುವವರು ಇಂಗ್ಲೆಂಡಿನವರೆಗೂ ಹೋಗಬೇಕಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಪಾಲ್ಗೊಂಡು, 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವನ್ನು ಓದಲಿ. ಅಲ್ಲಿನ ಹಳ್ಳಿಗಳ 1,620 ಹೆಂಗಸರಿಗೆ ಹೆರಿಗೆ ಮಾಡಿಸಿದವರು ಎಎನ್‌ಎಂಗಳು. ಮಗು ಹುಟ್ಟಿದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ಪಡೆದವರಲ್ಲಿ ಅತಿ ರಕ್ತಸ್ರಾವ ಶೇ 6.4ರಷ್ಟಿತ್ತು, ಪಡೆಯದವರಲ್ಲಿ ಶೇ 12.

ದೊಡ್ಡ ಆಸ್ಪತ್ರೆ ಸೇರಿದ ಮಾತ್ರಕ್ಕೆ ಗೆದ್ದಂತಲ್ಲ ಎಂಬುದೂ ಈ ಭಾಗದವರಿಗೆ ಗೊತ್ತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡರು. ಐವಿ ದ್ರಾವಣದ ಮೇಲೆ ಅನುಮಾನ ಬಿತ್ತು. ಅಂಥದ್ದಾದ ಮೇಲೂ ಗರ್ಭಿಣಿಯ ಅತ್ತೆಯನ್ನು ಒಪ್ಪಿಸಿ ಗಾಡಿ ಹತ್ತಿಸಬೇಕಾದವಳು ಯಾರು? ಊರಿನ ಆಶಾ ಕಾರ್ಯಕರ್ತೆಯೇ. ನೆರೆಯ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಹಾರ ಹಾಕಿದರು. ಮನೆ ಹೆರಿಗೆಗೆ ಮರಳಿ ಎಂದು ನಾವು ಹೇಳುತ್ತಿಲ್ಲ. ಆ ತಾಯಿಯ ಮೇಲೆ ಜನಕ್ಕಿದ್ದ ನಂಬಿಕೆ ಇಂದು ಯಾರ ಮೇಲೆ ಉಳಿದಿದೆ ಎಂಬುದನ್ನು ವೈದ್ಯರು ಗಮನಿಸಲಿ ಎಂದಷ್ಟೇ.

ಮೇಲಿನವರಿಗೆ ತಿಳಿಯದ್ದು ಕೆಳಗಿನವರಿಗೆ ತಿಳಿದಿರುತ್ತದೆ. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಸೂತಕದ ಹೆಸರಲ್ಲಿ ಹಟ್ಟಿಯ ಹೊರಗಿಡುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. 2023ರಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ಹೊರಗೆ, ಮಳೆಯಲ್ಲಿ ಗುಡಿಸಲಲ್ಲಿದ್ದ ಹಸುಗೂಸು ಸತ್ತಿತು. ಡಿಸ್ಚಾರ್ಜ್ ಬರೆಯುವ ವೈದ್ಯೆಗೆ ತನ್ನ ರೋಗಿ ನಾಳೆ ರಾತ್ರಿ ಎಲ್ಲಿ ಮಲಗುತ್ತಾಳೆಂದು ಗೊತ್ತಿರುವುದಿಲ್ಲ, ಆಶಾಗೆ ಗೊತ್ತಿರುತ್ತದೆ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ 42 ದಿನಗಳಲ್ಲಿ ಆರು ಸಲ ಹೋಗಬೇಕಾದವಳು ಅವಳೇ. ಆದರೆ ಎಷ್ಟು ರಕ್ತ ಹೋಗಿತ್ತು, ಬಿಪಿ ಎಷ್ಟಿತ್ತು ಎಂದು ಅವಳಿಗೆ ಹೇಳುವವರಿಲ್ಲ. ಕಳಿಸಿದ ನರ್ಸಿಗೂ ತಾನು ಕಳಿಸಿದವಳು ಉಳಿದಳೋ ಇಲ್ಲವೋ ತಿಳಿಯುವುದು ಊರವರ ಬಾಯಿಂದ.

ಇನ್ನು ಜಿಲ್ಲೆಯ ಗಡಿ. ರಾಂಪುರದವರಿಗೆ ಹತ್ತಿರ ಬಳ್ಳಾರಿ. ಕಡತ ಇರುವುದು ಚಿತ್ರದುರ್ಗದಲ್ಲಿ. ಹೆರಿಗೆ ನೋವು ಕಡತ ನೋಡಿ ಬರುವುದಿಲ್ಲ. ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಕೂತು, ಯಾವ ಊರಿನ ಗರ್ಭಿಣಿ ಯಾವ ಆಸ್ಪತ್ರೆಗೆ, ರಾತ್ರಿ ಅಲ್ಲಿ ಫೋನ್ ಎತ್ತುವವರು ಯಾರು ಎಂದು ನಿಗದಿ ಮಾಡಲು ಹೊಸ ಕಟ್ಟಡ ಬೇಕಿಲ್ಲ, ಟೆಂಡರೂ ಬೇಕಿಲ್ಲ. ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆ ಹೇಗೂ ನಡೆಯುತ್ತದೆ. ಮುಂದಿನ 9ರೊಳಗೆ ಆ ಆಸ್ಪತ್ರೆಯ ಹೆಸರು, ಫೋನ್ ನಂಬರು ಪ್ರತಿ ತಾಯಿ ಕಾರ್ಡಿನ ಮೇಲೆ ಇರಲಿ. ಆ ನಂಬರಿಗೆ ನಡುರಾತ್ರಿ ಒಮ್ಮೆ ಅಧಿಕಾರಿಗಳೇ ಕರೆ ಮಾಡಿ ನೋಡಲಿ.