ವೈರ್ ಕಿತ್ತರ ಕೂಲಂಟ್ ತುಂಬತೈತೇನು?

1/4
ಹೆಬ್ಬಳ್ಳಿ ಹುಡುಗ ಬೋಟಿನ ಎಂಜಿನ್ ಬಗ್ಗೆ ಬರಿಯಾಕತ್ತಾನ ಅಂತ ನಗಬ್ಯಾಡ್ರಿ. ನಮ್ಮೂರ ಸುತ್ತ ಎರಿ ಹೊಲ ಬಿಟ್ರ ಏನೂ ಇಲ್ಲ, ಖರೆ. ಆದ್ರ ಮಲ್ಪೆ ಬೋಟಿನ್ಯಾಗ ದುಡಿಯೋ ಉತ್ತರ ಕರ್ನಾಟಕದ ಹುಡುಗ್ರು ಕಡಿಮಿ ಇಲ್ಲ. ನಮ್ಮ ಕಾಕಾನ ಮಗನೂ ಅಲ್ಲೇ ಅದಾನ. ಮೀನುಗಾರಿಕೆ ನಿಷೇಧದ ರಜಾಕ್ಕ ಊರಿಗೆ ಬಂದಾಗ ಹೇಳಿದ: ಕೂಲಂಟ್ ಕಡಿಮಿ ಅಂತ ಬಜರ್ ಪದೇ ಪದೇ ಬಡಕೋತಿತ್ತಂತ. ಎಂಜಿನ್ ಆರಿದ ಮ್ಯಾಲೆ ನೋಡಿದ್ರ ಟ್ಯಾಂಕ್ ತುಂಬಿರತಿತ್ತು. ನಾಲ್ಕು ಸಲ ನೋಡಿದ್ರು, ಐದನೇ ಸಲ ವೈರ್ ಕಿತ್ತು ಒಗದ್ರು. ಮನ್ಯಾಗ ಎಲ್ಲಾರೂ ನಕ್ಕರು. ನನಗ ನಗಿ ಬರಲಿಲ್ಲ.

2/4
ಸ್ಟೋರಿ ಹಾಕಿದ್ರ ನೀವೂ ಅದನ್ನೇ ಕೇಳಿದ್ರಿ: "ಸೆನ್ಸರ್ ಸುಳ್ಳು ಹೇಳಿದ್ರ ಮತ್ತೇನು ಮಾಡಬೇಕಲೇ?"
ಸೆನ್ಸರ್ ಸುಳ್ಳು ಹೇಳಂಗಿಲ್ಲ ದೋಸ್ತ, ತನಗ ತಿಳಿದಷ್ಟು ಹೇಳತೈತಿ. ಅಲಿಗೆ ಬೋಟು ವಾಲಿದಾಗ ಟ್ಯಾಂಕಿನೊಳಗಿನ ಕೂಲಂಟೂ ಒಂದು ಮಗ್ಗಲಿಗೆ ಸರಿತೈತಿ, ಸೆನ್ಸರ್ ತುದಿ ಒಂದೆರಡು ಸೆಕೆಂಡ್ ಗಾಳಿಯಾಗ ನಿಲ್ಲತೈತಿ. ಬಜರ್ ಹೊಡಿತೈತಿ. ಅದಕ್ಕ ಮದ್ದು ಕತ್ತರಿ ಅಲ್ಲ, ಟೈಮರ್ ರಿಲೇ. ಮಟ್ಟ ಕೆಲವು ಸೆಕೆಂಡ್ ಸತತವಾಗಿ ಕೆಳಗೇ ಇದ್ರ ಮಾತ್ರ ಬಜರ್ ಹೊಡಿಯೋ ಹಂಗ ಮಾಡಬಹುದು.
ಇನ್ನ ಉಪ್ಪುಗಾಳಿ. ಕನೆಕ್ಟರಿಗೆ ಕಿಲುಬು ಹಿಡಿತೈತಿ, ಅರ್ಥ್ ವೈರ್ ಸಡ್ಲ ಆಗತೈತಿ. ಫ್ಲೋಟ್ ಇರೋ ಸೆನ್ಸರ್ ಆದ್ರ ಕೆಸರಿಗೆ ಅಂಟಿಕೊಂಡು ಕೂಡತೈತಿ. ಕೆಲವು ಸೆನ್ಸರ್ ಕೂಲಂಟಿನೊಳಗ ಸಣ್ಣ ಕರೆಂಟ್ ಹರಿಸಿ ಮಟ್ಟ ತಿಳಕೋತಾವು. ಕೂಲಂಟ್ ಉಳಿಸಾಕ ಹೋಗಿ ಬರೇ ಡಿಸ್ಟಿಲ್ಡ್ ವಾಟರ್ ಹಾಕಿದ್ರ ಕರೆಂಟ್ ಸರಿಯಾಗಿ ಹರಿಯಂಗಿಲ್ಲ, ತುಂಬಿದ ಟ್ಯಾಂಕೂ ಅದಕ್ಕ ಖಾಲಿನೇ.

3/4
"ಟೆಂಪರೇಚರ್ ಗೇಜ್ ಐತಲ್ಲ" ಅಂದವರಿಗೆ: ಕೂಲಂಟ್ ಪೂರಾ ಇಳಿದ್ರ ಆ ಗೇಜಿನ ಸೆನ್ಸರೂ ಒಣಗತೈತಿ. ಒಳಗ ಎಂಜಿನ್ ಸುಡತಿದ್ರೂ ಮುಳ್ಳು ಏರದೇ ಇರಬಹುದು.
ಮತ್ತ, ಒಳಗಿನ ಕೂಲಂಟನ್ನ ತಣ್ಣಗ ಮಾಡೋದು ಹೀಟ್ ಎಕ್ಸ್‌ಚೇಂಜರಿನ್ಯಾಗ ಹರಿಯೋ ಸಮುದ್ರದ ನೀರು. ಆ ಕೊಳವಿ ತೂತಾದ್ರ ಕೂಲಂಟ್ ಸಮುದ್ರಕ್ಕ ಸೋರಿ ಹೋಗತೈತಿ, ಬೋಟಿನ್ಯಾಗ ಒಂದು ಹನಿನೂ ಕಾಣಂಗಿಲ್ಲ. ಆ ದಿನ ಬಜರ್ ಖರೇನೇ ಹೊಡಿಬೇಕಿತ್ತು. ವೈರ್ ಎಲ್ಲೈತಿ?

4/4
ನಾವು ಬಿಕಾಂನೋರು, ಲೆಕ್ಕ ಹಾಕ್ರಿ. ಒಂದು ಕಡೆ ಕನೆಕ್ಟರ್ ತೊಳಿಯೋ ಅರ್ಧ ತಾಸು, ಒಂದು ರಿಲೇ. ಇನ್ನೊಂದು ಕಡೆ ಜಾಮ್ ಆದ ಎಂಜಿನ್, ದಂಡ ಆದ ಡೀಸೆಲ್, ಕರಗಿದ ಐಸ್, ನಡು ಸಮುದ್ರದಾಗ ನಿಂತ ಬೋಟು. ಅದರಾಗ ಇರೋರು ಮಾಲಕರಲ್ಲ, ನಮ್ಮ ಅಣ್ಣ-ತಮ್ಮಂದಿರು.
ಜೂನ್ 1ರಿಂದ ಜುಲೈ 31ರ ತನಕ 61 ದಿನ ಬೋಟು ದಡದಾಗ ನಿಂತಿರತಾವು. ಬಲಿ ಹೆಣಿತಾರ, ಬಣ್ಣ ಬಳಿತಾರ. ಈ ಒಂದು ವೈರಿಗೆ ಮಾತ್ರ ಟೈಮ್ ಇಲ್ಲಂತ!
ಅಣ್ಣಗ ಬೈದೇ ಕಳಿಸಿದ್ದೆ. ಮೊನ್ನೆ ಹೋಗಿ ಕನೆಕ್ಟರ್ ಬಿಚ್ಚ್ಯಾನ. ಕೊನೇ ಫೋಟೋ ಅದೇ, ಝೂಮ್ ಮಾಡಿ ನೋಡ್ರಿ: ಎರಡೂ ಪಿನ್ ಹಸಿರಾಗ್ಯಾವು.